11 ಸಾವಿರ ಕಿಲೋಮೀಟರ್ ಮಾತ್ರ ಓಡಿದ ಫೆರಾರಿ: ಕೊಳ್ಳಬಹುದೇ?

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದು ಜೀನ್ಸ್ ಹೊಲಿಗೆಯ ಉದ್ಯಮ. 1989ರ ಫೆರಾರಿ ಟೆಸ್ಟಾರೋಸಾ ಕಾರೊಂದು ಮಾರಾಟಕ್ಕಿದೆ ಎಂದು ಹೊರರಾಜ್ಯದ ದಲ್ಲಾಳಿಯೊಬ್ಬರು ನನ್ನನ್ನು ಸಂಪರ್ಕಿಸಿದ್ದಾರೆ. ಕೆಂಪು ಬಣ್ಣ, ಎಡಗಡೆ ಸ್ಟೀರಿಂಗ್; ಮೀಟರಿನಲ್ಲಿ ಇರುವುದು 11 ಸಾವಿರ ಕಿ.ಮೀ. ಮಾತ್ರ. ಹತ್ತು ಹನ್ನೆರಡು ವರ್ಷಗಳಿಂದ ಶೆಡ್ಡಿನಲ್ಲಿ ಹೊದಿಕೆ ಹಾಕಿ ನಿಲ್ಲಿಸಿದ್ದಾರಂತೆ. ಆರ್‌ಸಿಯ ಪ್ರತಿ ಕಳಿಸಿದ್ದಾರೆ. ಆಮದಿನ ಕಾಗದಗಳು ಮನೆ ಬದಲಿಸುವಾಗ ಕಳೆದುಹೋದವು ಎನ್ನುತ್ತಾರೆ. ಬೆಲೆಯ ಅರ್ಧ ಭಾಗವನ್ನು ನಗದಾಗಿ ಕೊಡಬೇಕಂತೆ. ಇಷ್ಟು ಕಡಿಮೆ ಓಡಿದ ಕಾರು ಮತ್ತೆ ಸಿಗುವುದಿಲ್ಲ ಎಂದು ಅಣ್ಣ ಒತ್ತಾಯಿಸುತ್ತಿದ್ದಾರೆ. ಅಪ್ಪ ಬೇಡವೇ ಬೇಡ ಎನ್ನುತ್ತಾರೆ. ತಮ್ಮ ಸಲಹೆ ಬೇಕು.
— ಹೆಸರು ಬೇಡವೆಂದ ಓದುಗರು, ಬಳ್ಳಾರಿ

ಉತ್ತರ: ಸದ್ಯಕ್ಕೆ ನಿಮ್ಮ ತಂದೆಯವರ ಮಾತೇ ಸರಿ. ಅವರ ಕಾರಣವೇನೆಂದು ನೀವು ಬರೆದಿಲ್ಲವಾದ್ದರಿಂದ ನಮ್ಮ ಕಾರಣಗಳನ್ನು ಹೇಳುತ್ತೇವೆ.

ಮೊದಲು ಕಾಗದ, ಆಮೇಲೆ ಮೀಟರು. ಬಳಸಿದ ಕಾರನ್ನು ಭಾರತಕ್ಕೆ ತರಿಸಬೇಕಾದರೆ ಅದು ತಯಾರಾಗಿ 3 ವರ್ಷ ಮೀರಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು, ಮುಂಬೈ ಬಂದರಿನಿಂದಲೇ ಒಳಬರಬೇಕು ಎಂಬುದು ಆಮದು ನೀತಿಯ ಸಾಮಾನ್ಯ ಷರತ್ತು. ಫೆರಾರಿ ಕಂಪನಿ ನಮ್ಮ ದೇಶದಲ್ಲಿ ಅಧಿಕೃತವಾಗಿ ಮಾರಾಟ ಆರಂಭಿಸಿದ್ದು 2011ರಲ್ಲಿ. ಹೀಗಿರುವಾಗ 1989ರಲ್ಲಿ ತಯಾರಾದ, ಎಡಗಡೆ ಸ್ಟೀರಿಂಗಿನ ಕಾರು ಇಲ್ಲಿನ ಶೆಡ್ಡಿನಲ್ಲಿ ನಿಂತಿದೆ ಎಂದರೆ ಅದು ಯಾವ ದಾರಿಯಿಂದ ಬಂತು ಎಂದು ಕೇಳಲೇಬೇಕು. ನೇರವಾದ ದಾರಿಗಳು ಇಲ್ಲವೆಂದಲ್ಲ. ವಿದೇಶಿ ರಾಯಭಾರ ಕಚೇರಿಯವರು ತಂದ ಕಾರುಗಳು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ ಮಾರಾಟವಾಗುತ್ತಿದ್ದ ಕಾಲವೊಂದಿತ್ತು. ಹೊರದೇಶದಲ್ಲಿ ನೆಲೆಸಿದ್ದವರು ಊರಿಗೆ ಮರಳುವಾಗ ಸುಂಕ ಕಟ್ಟಿ ತಮ್ಮ ಕಾರನ್ನು ಜೊತೆಗೆ ತಂದದ್ದೂ ಉಂಟು. ಇವಲ್ಲದೆ ಅಡ್ಡದಾರಿಗಳೂ ಇವೆ. ಪ್ರವಾಸಕ್ಕೆಂದು ‘ಕಾರ್ನೆ’ ಎಂಬ ತಾತ್ಕಾಲಿಕ ಪರವಾನಗಿಯ ಮೇಲೆ ಸುಂಕವಿಲ್ಲದೆ ಒಳಬಂದ ಕಾರು, ಅವಧಿ ಮುಗಿದ ಮೇಲೂ ಮರಳಿ ಹೋಗದೆ ಇಲ್ಲಿಯೇ ಕೈಯಿಂದ ಕೈಗೆ ದಾಟುತ್ತದೆ. ಗುಜರಿ ಸೇರಿದ ಯಾವುದೋ ಕಾರಿನ ಆರ್‌ಸಿಯನ್ನು ಇನ್ನೊಂದಕ್ಕೆ ತೊಡಿಸಿ ಮಾರುವವರೂ ಇದ್ದಾರೆ. ಭೂತಾನ್ ಮೂಲಕ ಕಳ್ಳದಾರಿಯಲ್ಲಿ ತಂದು ಇಲ್ಲಿ ನೋಂದಣಿ ಮಾಡಿಸಿದವು ಎಂಬ ಶಂಕೆಯ ಮೇಲೆ 2025ರ ಸೆಪ್ಟೆಂಬರಿನಲ್ಲಿ ಕಸ್ಟಮ್ಸ್ ಅಧಿಕಾರಿಗಳು ಕೇರಳದಲ್ಲಿ ಹಲವು ಕಾರುಗಳನ್ನು ವಶಪಡಿಸಿಕೊಂಡದ್ದು ನಿಮಗೆ ನೆನಪಿರಬಹುದು. ಆರ್‌ಸಿ ಎಂಬುದು ನೋಂದಣಿಯ ದಾಖಲೆಯೇ ಹೊರತು ಸುಂಕ ಕಟ್ಟಿದ್ದಕ್ಕೆ ರಸೀದಿಯಲ್ಲ.

ಆ ರಸೀದಿ ಎಂದರೆ ಬಿಲ್ ಆಫ್ ಎಂಟ್ರಿ, ಮತ್ತು ಅದರೊಡನೆ ಬರುವ ಸುಂಕ ಪಾವತಿಯ ಚಲನ್. ‘ಕಳೆದುಹೋಗಿದೆ’ ಎಂದು ದಲ್ಲಾಳಿ ಹೇಳುತ್ತಿರುವುದು ಇದನ್ನೇ, ಮತ್ತು ಇಡೀ ವ್ಯವಹಾರದಲ್ಲಿ ಕಳೆಯಬಾರದಿದ್ದ ಕಾಗದವೂ ಇದೊಂದೇ. ಸುಂಕ ತಪ್ಪಿಸಿ ಬಂದ ಮಾಲನ್ನು 1962ರ ಕಸ್ಟಮ್ಸ್ ಕಾಯ್ದೆಯ ಪ್ರಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು. ಅದು ಆ ಹೊತ್ತಿಗೆ ಯಾರ ಅಂಗಳದಲ್ಲಿದೆ, ಅವರು ಎಷ್ಟು ಹಣ ಕೊಟ್ಟು ಕೊಂಡಿದ್ದರು ಎಂಬುದರಿಂದ ಮಾಲಿನ ಮೇಲಿನ ದೋಷ ತೊಳೆದುಹೋಗುವುದಿಲ್ಲ. ಮೂಲ ಮಾಲೀಕರು ಪ್ರಾಮಾಣಿಕರಾಗಿದ್ದರೆ, ಕಾರು ಇಳಿದ ಬಂದರು ಮತ್ತು ವರ್ಷವನ್ನು ಹೇಳಿ ಕಸ್ಟಮ್ಸ್ ಕಚೇರಿಯಿಂದ ದೃಢೀಕೃತ ಪ್ರತಿಗೆ ಅರ್ಜಿ ಹಾಕುವುದು ಅವರ ಕೆಲಸ. ಅದು ಬರುವವರೆಗೆ ಮುಂಗಡವನ್ನೂ ಕೊಡಬೇಡಿ.

ಇದರ ಜೊತೆಗೆ ಚಾಸಿ ನಂಬರನ್ನು ನೀವೇ ಕಣ್ಣಾರೆ ನೋಡಬೇಕು. ಆ ಕಾಲದ ಫೆರಾರಿಗಳ ಚಾಸಿ ನಂಬರು ‘ಝಡ್ ಎಫ್ ಎಫ್’ ಎಂಬ ಮೂರು ಅಕ್ಷರಗಳಿಂದ ಆರಂಭವಾಗುತ್ತದೆ. ಕಾರಿನ ಫ್ರೇಮಿನ ಮೇಲೆ ಒತ್ತಿರುವ ಸಂಖ್ಯೆ, ಫಲಕದ ಮೇಲಿನ ಸಂಖ್ಯೆ, ಆರ್‌ಸಿಯಲ್ಲಿರುವುದು, ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ಕಾಣುವುದು, ಬಿಲ್ ಆಫ್ ಎಂಟ್ರಿಯಲ್ಲಿರುವುದು ಇವೆಲ್ಲ ಅಕ್ಷರಕ್ಕೆ ಅಕ್ಷರ ತಾಳೆಯಾಗಬೇಕು. ಫ್ರೇಮಿನ ಮೇಲೆ ಒತ್ತಿದ ಜಾಗದ ಸುತ್ತ ಉಜ್ಜಿದ ಗುರುತು ಅಥವಾ ಹೊಸ ಬಣ್ಣ ಕಂಡರೆ ಅಲ್ಲಿಂದಲೇ ಕೈಮುಗಿದು ಹಿಂದಿರುಗಿ. ಹಳೆಯ ಕಾರುಗಳ ಅಸಲಿತನವನ್ನು ಪರಿಶೀಲಿಸಿ ಪ್ರಮಾಣಪತ್ರ ಕೊಡುವ ‘ಕ್ಲಾಸಿಕೆ’ ಎಂಬ ವಿಭಾಗವೊಂದು ಇಟಲಿಯ ಮರನೆಲ್ಲೊದಲ್ಲಿರುವ ಫೆರಾರಿ ಕಾರ್ಖಾನೆಯಲ್ಲಿಯೇ ಇದೆ. ಕೋಟಿಯ ಮಾತಾಡುವ ಮಾರಾಟಗಾರನ ಬಳಿ ಆ ಪ್ರಮಾಣಪತ್ರ ಇದೆಯೇ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ನಗದಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒಂದು ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ದಂಡ ಬೀಳುವುದು ಪಡೆದವನಿಗೆ, ನಿಜ. ಆದರೆ ಮುಂದೆ ತಕರಾರು ಬಂದರೆ ಅರ್ಧ ಬೆಲೆಗೆ ಪುರಾವೆಯೇ ಇಲ್ಲದೆ ನಿಲ್ಲುವವರು ನೀವು.

ಈಗ ಮೀಟರಿಗೆ ಬರೋಣ. 11 ಸಾವಿರ ಎಂಬುದು ಕಿಲೋಮೀಟರೋ ಮೈಲಿಯೋ? ಅಮೆರಿಕಕ್ಕೆಂದು ತಯಾರಾದ ಟೆಸ್ಟಾರೋಸಾಗಳ ಮೀಟರು ಮೈಲಿಯಲ್ಲಿ ಎಣಿಸುತ್ತದೆ. ಹಾಗಿದ್ದರೆ ಈ ಕಾರು ಓಡಿದ್ದು ಸುಮಾರು 17,700 ಕಿ.ಮೀ. ಅದೇನೂ ಹೆಚ್ಚಲ್ಲ, ಆದರೆ ಹೇಳಿದ ಮಾತು ಸುಳ್ಳಾಯಿತು. ಮೀಟರಿನ ಸಂಪರ್ಕ ಬಿಚ್ಚಿಟ್ಟು ಓಡಿಸುವ ಚಾಳಿಯೂ ಹಳೆಯದೇ. ಆದ್ದರಿಂದ ಅಂಕಿಯನ್ನು ನಂಬುವ ಮೊದಲು ಕಾರಿನ ಒಳಗೆ ಕುಳಿತು ಮೂರು ಕಡೆ ಬೆರಳಾಡಿಸಿ. ಕ್ಲಚ್ ಪೆಡಲಿನ ರಬ್ಬರು ಸವೆದು ನುಣುಪಾಗಿದೆಯೇ? ಗೇರ್ ಕಡ್ಡಿ ಓಡಾಡುವ ಲೋಹದ ತಟ್ಟೆಯಲ್ಲಿ ಸೀಳುಗಳಿರುತ್ತವೆ. ಮೊದಲನೆಯ ಮತ್ತು ಎರಡನೆಯ ಗೇರಿನ ಸೀಳಿನ ಅಂಚು ಉಜ್ಜಿಹೋಗಿದೆಯೇ? ಚಾಲಕನ ಸೀಟಿನಲ್ಲಿ ಬಾಗಿಲ ಕಡೆಯ ಉಬ್ಬಿದ ಅಂಚಿನ ಚರ್ಮ ಒಡೆದಿದೆಯೇ? ಇಷ್ಟು ತಗ್ಗಾದ ಕಾರಿಗೆ ಇಳಿಯುವಾಗಲೂ ಏಳುವಾಗಲೂ ಮೈಭಾರ ಬೀಳುವುದು ಅಲ್ಲಿಯೇ. ಈ ಮೂರೂ ಹೊಸದರಂತಿದ್ದರೆ ಮೀಟರಿನ ಮಾತಿಗೆ ಬೆಲೆ ಬರುತ್ತದೆ. ಆಮೇಲೆ ದಿನಾಂಕ ಮತ್ತು ಓಡಿದ ಅಂಕಿ ಎರಡೂ ಇರುವ ಸರ್ವಿಸ್ ಬಿಲ್ಲುಗಳನ್ನು ಸಾಲಾಗಿ ಜೋಡಿಸಿ ನೋಡಿ.

ಅಂಕಿ ನಿಜವೇ ಎಂದು ಇಟ್ಟುಕೊಳ್ಳಿ. ನಿಮ್ಮ ಅಣ್ಣನವರು ಗಮನಿಸದ ವಿಷಯ ಇಲ್ಲಿಂದ ಆರಂಭವಾಗುತ್ತದೆ. 1984ರಲ್ಲಿ ಪ್ಯಾರಿಸ್ಸಿನಲ್ಲಿ ಬೆಳಕಿಗೆ ಬಂದ ಟೆಸ್ಟಾರೋಸಾ ಕಾರಿನ ಎಂಜಿನ್ 4,943 ಸಿಸಿಯದು. ಆರಾರು ಸಿಲಿಂಡರುಗಳು ಎರಡು ಮಗ್ಗುಲಿಗೆ ಅಡ್ಡಡ್ಡ ಮಲಗಿರುತ್ತವೆ, ಅದರ ಅಡಿಯಲ್ಲಿ ಗೇರ್ ಬಾಕ್ಸ್ ಕೂತಿರುತ್ತದೆ. 48 ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವುದು ರಬ್ಬರಿನ ಟೈಮಿಂಗ್ ಬೆಲ್ಟುಗಳು. ಕಾರು ಓಡಲಿ, ನಿಲ್ಲಲಿ, ರಬ್ಬರಿಗೆ ವಯಸ್ಸಾಗುತ್ತದೆ. 3ರಿಂದ 5 ವರ್ಷಕ್ಕೊಮ್ಮೆ ಅವನ್ನು ಬದಲಿಸುವುದು ರೂಢಿ. ಬೆಲ್ಟು ತುಂಡಾದರೆ ಪಿಸ್ಟನ್ನುಗಳು ತೆರೆದ ವಾಲ್ವುಗಳಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ಅದನ್ನು ಬದಲಿಸಲು ಬಾನೆಟ್ ಎತ್ತಿದರೆ ಸಾಲದು: ಎಂಜಿನ್, ಗೇರ್ ಬಾಕ್ಸ್, ಅವನ್ನು ಹೊತ್ತ ಹಿಂಬದಿಯ ಚೌಕಟ್ಟು ಎಲ್ಲವನ್ನೂ ಒಟ್ಟಾಗಿ ಕಾರಿನಿಂದ ಕೆಳಗಿಳಿಸಬೇಕು. ಹತ್ತು ಹನ್ನೆರಡು ವರ್ಷ ನಿಂತ ಕಾರನ್ನು ದಲ್ಲಾಳಿ ನಿಮ್ಮೆದುರು ‘ಒಂದೇ ಸೆಲ್ಫ್‌ಗೆ’ ಸ್ಟಾರ್ಟ್ ಮಾಡಿ ತೋರಿಸಿದರೆ ಅದನ್ನು ಹೆಗ್ಗಳಿಕೆ ಎಂದು ತಿಳಿಯದೆ ಗಾಬರಿಯಾಗಬೇಕು. ಹಳೆಯ ಬೆಲ್ಟಿನ ಮೇಲೆ ಎಂಜಿನ್ ತಿರುಗಿಸಬಾರದು ಎಂದು ತಿಳಿದವರು ಹಾಗೆ ಮಾಡುವುದಿಲ್ಲ.

ಬೆಲ್ಟು ಒಂದು ಮಾತ್ರ. ತೊಟ್ಟಿಯಲ್ಲಿ ಉಳಿದ ಪೆಟ್ರೋಲು ವರ್ಷಗಟ್ಟಲೆ ನಿಂತು ಅಂಟಾಗುತ್ತದೆ, ಆ ಅಂಟು ಬಾಷ್ ಕಂಪನಿಯ ಯಾಂತ್ರಿಕ ಇಂಜೆಕ್ಷನ್ನಿನ ಸಣ್ಣ ಕಿಂಡಿಗಳಲ್ಲಿ ಕೂರುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ ಕ್ಯಾಲಿಪರುಗಳು ಒಳಗಿಂದೊಳಗೆ ತುಕ್ಕು ಹಿಡಿಯುತ್ತವೆ. ಕ್ಲಚ್ ಪ್ಲೇಟು ಫ್ಲೈವೀಲಿಗೆ ಅಂಟಿಕೊಳ್ಳುತ್ತದೆ. ಟೈರಿನ ಪಕ್ಕದಲ್ಲಿರುವ ನಾಲ್ಕಂಕಿ ನೋಡಿ: ಮೊದಲೆರಡು ವಾರ, ಕೊನೆಯೆರಡು ವರ್ಷ. ಮೂರೇ ಅಂಕಿ ಇದ್ದರೆ ಅದು 2000ಕ್ಕೂ ಮುಂಚಿನ ಟೈರು. ಕಚ್ಚು ಎಷ್ಟೇ ಹೊಸದಾಗಿ ಕಂಡರೂ ಅದರ ಮೇಲೆ ಕಾರನ್ನು ಶೆಡ್ಡಿನಿಂದ ಹೊರಗೆ ತಳ್ಳಬಹುದೇ ವಿನಾ ಓಡಿಸಬಾರದು.

ಈ ಕೆಲಸಗಳೆಲ್ಲ ಆಗುವುದು ಬಳ್ಳಾರಿಯಲ್ಲಲ್ಲ. ಅದಿರಿನ ವ್ಯಾಪಾರ ಕಾವೇರಿದ್ದ ದಿನಗಳಲ್ಲಿ ನಿಮ್ಮ ಊರು ದುಬಾರಿ ಕಾರುಗಳನ್ನು ಧಾರಾಳವಾಗಿ ಕಂಡಿದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದ ಮೇಲೆ ಅವುಗಳಲ್ಲಿ ಕೆಲವು ಕೈಬದಲಾದದ್ದನ್ನೂ ಕಂಡಿದೆ. ಆದರೆ ಅವು ಶೋರೂಮಿನ ಬೆಂಬಲವಿದ್ದ ಹೊಸ ಕಾರುಗಳು. ಸುಮಾರು 7,200 ಮಾತ್ರ ತಯಾರಾದ, ಮೂವತ್ತೈದು ವರ್ಷ ದಾಟಿದ ಕಾರಿನ ಬಿಡಿಭಾಗ ಯುರೋಪಿನಿಂದ ಬರಬೇಕು, ಎಂಜಿನ್ ಇಳಿಸಿ ಅನುಭವವಿರುವ ಕೈಗಳನ್ನು ಮುಂಬೈಯಲ್ಲೋ ಬೆಂಗಳೂರಿನಲ್ಲೋ ಹುಡುಕಬೇಕು.

ಆದ್ದರಿಂದ ನಮ್ಮ ಸಲಹೆ ಇಷ್ಟು. ಬಿಲ್ ಆಫ್ ಎಂಟ್ರಿ ಸಿಗದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಸಿಕ್ಕಿ, ನಂಬರುಗಳೆಲ್ಲ ತಾಳೆಯಾದರೆ, ಕೊಳ್ಳುವವರ ಖರ್ಚಿನಲ್ಲಿ ತಜ್ಞರೊಬ್ಬರು ಸಿಲಿಂಡರುಗಳ ಒಳಗೆ ಕ್ಯಾಮೆರಾ ಇಳಿಸಿ ನೋಡಲು ಮಾಲೀಕರು ಒಪ್ಪಬೇಕು. ಆ ತಜ್ಞರು ಕೊಡುವ ದುರಸ್ತಿ ಅಂದಾಜನ್ನು ಚೆನ್ನಾಗಿ ಓಡುತ್ತಿರುವ ಅದೇ ಕಾರಿನ ಬೆಲೆಯಿಂದ ಕಳೆಯಿರಿ; ಉಳಿದದ್ದೇ ನೀವು ಕೇಳಬೇಕಾದ ಬೆಲೆ. ‘ಕಡಿಮೆ ಓಡಿದೆ’ ಎಂಬುದಕ್ಕೆ ಮೇಲೆ ಒಂದು ರೂಪಾಯಿಯನ್ನೂ ಸೇರಿಸಬೇಡಿ, ಏಕೆಂದರೆ ಓಡದೆ ನಿಂತದ್ದರ ಖರ್ಚನ್ನು ಈಗ ಹೊರುವವರು ನೀವು.

ಪ್ರಶ್ನೆ: ವಿದೇಶದ ಹರಾಜುಗಳಲ್ಲಿ ಕಡಿಮೆ ಓಡಿದ ಹಳೆಯ ಕಾರಿಗೇ ಹೆಚ್ಚು ಬೆಲೆ ಬರುತ್ತದಲ್ಲ? ಓಡಿಸದೇ ಇದ್ದ ಯಂತ್ರ ಕೆಡುತ್ತದೆ ಎಂದಾದರೆ ಅಲ್ಲಿನವರು ದಡ್ಡರೇ?
— ಕಾಲೇಜು ಉಪನ್ಯಾಸಕರು, ಕೊಪ್ಪಳ

ಉತ್ತರ: ದಡ್ಡರಲ್ಲ; ಅವರು ಕೊಳ್ಳುತ್ತಿರುವುದು ಬೇರೆಯ ವಸ್ತುವನ್ನು. ಕಾರ್ಖಾನೆಯಲ್ಲಿ ಬಳಿದ ಬಣ್ಣ, ಹೊಲಿದ ಚರ್ಮ, ಬಿಗಿದ ಬೋಲ್ಟು ಒಮ್ಮೆ ಹೋದರೆ ಯಾವ ಹಣಕ್ಕೂ ಮರಳಿ ಬರುವುದಿಲ್ಲ. ಬೆಲ್ಟು ಟೈರುಗಳನ್ನು ಎಷ್ಟು ಸಲವಾದರೂ ಹೊಸದಾಗಿಸಬಹುದು. ಅಸಲು ಸ್ಥಿತಿಯಲ್ಲಿ ಉಳಿದವು ಕೆಲವೇ ಆದ್ದರಿಂದ ಸಂಗ್ರಾಹಕರ ಪೈಪೋಟಿ ಬೆಲೆಯನ್ನು ಏರಿಸುತ್ತದೆ. ಆದರೆ ಅಲ್ಲಿ ಬೆಲೆ ಬರುವುದು ಕಡಿಮೆ ಓಡಿದ ಕಾರಿಗೆ ಮಾತ್ರವಲ್ಲ, ಕಡಿಮೆ ಓಡಿಯೂ ವರ್ಷವರ್ಷವೂ ಆರೈಕೆ ಕಂಡ, ಅದಕ್ಕೆ ಬಿಲ್ಲು ಇರುವ ಕಾರಿಗೆ. ಫೆರಾರಿ ಎಫ್40 ಕಾರನ್ನೇ ನೋಡಿ: ಕಂಪನಿಗೆ 40 ವರ್ಷ ತುಂಬಿದ ನೆನಪಿಗೆ 1987ರಲ್ಲಿ ಬಂದದ್ದು, 1988ರಲ್ಲಿ ತೀರಿಕೊಂಡ ಎಂಜೊ ಫೆರಾರಿಯವರ ಕಣ್ಣೆದುರು ತಯಾರಾದ ಕೊನೆಯ ಮಾದರಿ, ಒಟ್ಟು 1,300ಕ್ಕೆ ತುಸು ಹೆಚ್ಚು. ಅದರ ಪೆಟ್ರೋಲು ತುಂಬುವುದು ರಬ್ಬರಿನ ಚೀಲಗಳಲ್ಲಿ. ಒಂದು ಕಿಲೋಮೀಟರೂ ಓಡದಿದ್ದರೂ ಸರಿಸುಮಾರು ಹತ್ತು ವರ್ಷಕ್ಕೊಮ್ಮೆ ಆ ಚೀಲಗಳನ್ನು ದುಬಾರಿ ಬೆಲೆಗೆ ಬದಲಿಸಬೇಕು. ಹಾಗೆ ಬದಲಿಸುತ್ತಾ ಬಂದ ದಾಖಲೆಯಿಲ್ಲದ ಎಫ್40 ಕಾರಿಗೆ ಮೀಟರು ಎಷ್ಟು ಕಡಿಮೆಯಿದ್ದರೂ ತಿಳಿದವರು ಚೌಕಾಸಿ ಮಾಡುತ್ತಾರೆ.

ಇನ್ನೊಂದು ವಿಚಿತ್ರವಿದೆ. ಮೀಟರಿಗಾಗಿ ಹೆಚ್ಚು ಹಣ ಕೊಟ್ಟವರು ಆಮೇಲೆ ಕಾರನ್ನು ಓಡಿಸಲಾರರು, ಓಡಿದ ಪ್ರತಿ ಮೈಲಿಯೂ ಕೊಟ್ಟ ಹಣವನ್ನು ಕರಗಿಸುತ್ತದೆ. ಓಡಿಸಬೇಕೆಂದು ಕೊಳ್ಳುವವರಿಗೆ ನಮ್ಮ ಅಭಿಪ್ರಾಯದಲ್ಲಿ 50 ಸಾವಿರ ಕಿ.ಮೀ. ಓಡಿ ಹೊತ್ತುಹೊತ್ತಿಗೆ ಸರ್ವಿಸ್ ಆದ ಕಾರೇ ಲೇಸು.

ಪ್ರಶ್ನೆ: ಎಡಗಡೆ ಸ್ಟೀರಿಂಗ್ ಇರುವ ಕಾರನ್ನು ನಮ್ಮ ರಸ್ತೆಯಲ್ಲಿ ಓಡಿಸುವುದು ಕಾನೂನಿಗೆ ವಿರುದ್ಧವೇ?
— ಓದುಗರು, ರಾಯಚೂರು

ಉತ್ತರ: ವಿರುದ್ಧವಲ್ಲ. 1988ರ ಮೋಟಾರು ವಾಹನ ಕಾಯ್ದೆಯ 120ನೆಯ ಕಲಮಿನ ಪ್ರಕಾರ, ನಿಗದಿತ ಯಾಂತ್ರಿಕ ಅಥವಾ ವಿದ್ಯುತ್ ಸಂಜ್ಞೆಯ ಸಾಧನ ಸುಸ್ಥಿತಿಯಲ್ಲಿದ್ದರೆ ಅಂಥ ವಾಹನವನ್ನು ಓಡಿಸಬಹುದು. ಅಡ್ಡಿ ಇರುವುದು ಆಮದಿನ ಹಂತದಲ್ಲಿ, ಅದನ್ನು ಮೇಲೆ ಹೇಳಿದ್ದೇವೆ. ಆದರೆ ಕಾನೂನು ಒಪ್ಪಿದ್ದನ್ನು ಸಿಂಧನೂರಿನ ರಸ್ತೆ ಒಪ್ಪಬೇಕಲ್ಲ. ಭತ್ತದ ಹೊಟ್ಟು ಎರಡೂ ಕಡೆ ಉಬ್ಬುವಂತೆ ತುಂಬಿದ ಲಾರಿಯನ್ನು ದಾಟಬೇಕಾದಾಗ ಎಡಗಡೆ ಕುಳಿತವನಿಗೆ ಕಾಣುವುದು ಲಾರಿಯ ಬೆನ್ನು ಮಾತ್ರ. ಎದುರಿನಿಂದ ಏನು ಬರುತ್ತಿದೆ ಎಂದು ತಿಳಿಯಲು ಇಡೀ ಕಾರನ್ನು ಆ ಕಡೆಗೆ ಒಡ್ಡಬೇಕು. ಟೆಸ್ಟಾರೋಸಾ ಅಗಲ 1,976 ಮಿ.ಮೀ., ಎತ್ತರ 1,130 ಮಿ.ಮೀ. ಅಂದರೆ ದೊಡ್ಡ ಟ್ರ್ಯಾಕ್ಟರಿನ ಹಿಂಗಾಲಿಯಷ್ಟೂ ಎತ್ತರವಿಲ್ಲ, ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಚಾಲಕನಿಗೆ ಪಕ್ಕದಲ್ಲಿ ಕಾರೊಂದಿದೆ ಎಂದೇ ಗೊತ್ತಾಗದಿರಬಹುದು. ಎರೆಮಣ್ಣಿನ ಮೇಲೆ ಹಾಕಿದ ರಸ್ತೆ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗಿ ಅಲೆಅಲೆಯಾಗುವುದು ನಿಮ್ಮ ಜಿಲ್ಲೆಯವರಿಗೆ ಹೊಸತಲ್ಲ. ಊರೂರಿನ ಹಂಪುಗಳ ಲೆಕ್ಕ ಬೇರೆ.

ಪ್ರಶ್ನೆ: 50 ವರ್ಷ ದಾಟಿದ ಕಾರುಗಳನ್ನು ಈಗ ವಿದೇಶದಿಂದ ತರಿಸಬಹುದಂತೆ. ಹಾಗಾದರೆ ಹಳೆಯ ಲ್ಯಾಂಬೊರ್ಗಿನಿ ತರಿಸಲು ಸಾಧ್ಯವೇ?
— ಓದುಗರು, ಕುಷ್ಟಗಿ

ಉತ್ತರ: ಸಾಧ್ಯ. 1950ಕ್ಕೆ ಮುಂಚಿನವು ಮಾತ್ರ ಎಂದಿದ್ದ ಮಿತಿಯನ್ನು 2025ರಲ್ಲಿ ಸಡಿಲಿಸಿ 50 ವರ್ಷ ದಾಟಿದವು ಎಂದು ಮಾಡಲಾಗಿದೆ. 1966ರಿಂದ 1973ರವರೆಗೆ ತಯಾರಾದ ಮಿಯೂರಾ ಇದರೊಳಗೆ ಬರುತ್ತದೆ. 1974ರಲ್ಲಿ ಮಾರಾಟ ಆರಂಭವಾದ ಕೌಂಟಾಶ್ ಕಾರಿನ ಮೊದಲ ಗಾಡಿಗಳು ಈಗಷ್ಟೇ ಆ ಗೆರೆ ದಾಟುತ್ತಿವೆ. ಹಾಗೆ ತರಿಸಿದ್ದನ್ನು ಇಲ್ಲಿ ಮರುಮಾರಾಟ ಮಾಡುವಂತಿಲ್ಲ, ಸುಂಕವೂ ಹಗುರವಲ್ಲ. 2021ರ ವಿಂಟೇಜ್ ನೋಂದಣಿ ನಿಯಮದಂತೆ 20 ಸಾವಿರ ರೂಪಾಯಿ ಶುಲ್ಕಕ್ಕೆ ‘ವಿಎ’ ಅಕ್ಷರಗಳಿರುವ ನಂಬರು 10 ವರ್ಷಕ್ಕೆ ಸಿಗುತ್ತದೆ, ಆದರೆ ಪ್ರದರ್ಶನ, ರ‍್ಯಾಲಿಗಳಂಥ ಸಂದರ್ಭಗಳನ್ನು ಬಿಟ್ಟು ನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಬಳ್ಳಾರಿಯ ಓದುಗರ 1989ರ ಕಾರು ಈ ಬಾಗಿಲಿಗೆ ಬರಲು 2039 ಆಗಬೇಕು. ಅಂದಹಾಗೆ, ಕೌಂಟಾಶ್ ಎಂಜಿನ್ನಿನಲ್ಲಿ ಬೆಲ್ಟಿನ ಬದಲು ಚೈನು ಇದೆ. ಆ ಒಂದು ತಲೆನೋವು ತಪ್ಪುತ್ತದೆ, ಉಳಿದವು ಹಾಗೇ ಇರುತ್ತವೆ.

ಪ್ರಶ್ನೆ: ನಮ್ಮ ಸಂಬಂಧಿಕರೊಬ್ಬರು ಇಂಥದೇ ಹಳೆಯ ಇಟಾಲಿಯನ್ ಕಾರನ್ನು ಸರಿಯಾದ ಕಾಗದಗಳೊಂದಿಗೆ ಕೊಂಡಿದ್ದಾರೆ. ನಮ್ಮ ಅಕ್ಕಿ ಗಿರಣಿಯ ಗೋದಾಮಿನಲ್ಲಿ ಒಂದು ವರ್ಷ ಇಟ್ಟುಕೊಳ್ಳಿ ಎನ್ನುತ್ತಾರೆ. ಏನು ಎಚ್ಚರಿಕೆ ವಹಿಸಬೇಕು?
— ಓದುಗರು, ಗಂಗಾವತಿ

ಉತ್ತರ: ಸಾಧ್ಯವಿದ್ದರೆ ಗಿರಣಿಯ ಆವರಣದಲ್ಲಿ ಇಡಲೇಬೇಡಿ. ಅಕ್ಕಿ ಇರುವಲ್ಲಿ ಇಲಿ ಇರುತ್ತದೆ, ಇಲಿಗೆ ಭತ್ತದಷ್ಟೇ ಪ್ರೀತಿಯದು ವೈರಿಂಗಿನ ಹೊದಿಕೆ. ಆ ಕಾಲದ ಇಟಾಲಿಯನ್ ವೈರಿಂಗು ಇಲಿ ಮುಟ್ಟದಿದ್ದಾಗಲೂ ತಕರಾರಿನದೇ. ಬಾಯ್ಲರಿನಿಂದ ಹಾರುವ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ ಇರುವುದರಿಂದ ಅದನ್ನು ಒಣಬಟ್ಟೆಯಿಂದ ಒರೆಸಿದರೆ ಬಣ್ಣದ ಮೇಲೆ ಉಪ್ಪುಕಾಗದ ಎಳೆದಂತೆಯೇ ಆಗುತ್ತದೆ. ಹೊಸಪೇಟೆ, ತೋರಣಗಲ್ಲು ಕಡೆಯ ಕೆಂಪು ಅದಿರಿನ ಧೂಳಿಗೂ ಇದೇ ನಿಯಮ: ಮೊದಲು ನೀರು ಹರಿಸಿ ಇಳಿಸಬೇಕು, ಆಮೇಲೆ ಬಟ್ಟೆ.

ಮನೆಯ ಪಕ್ಕ ಸಿಮೆಂಟ್ ನೆಲದ, ಬಾಗಿಲು ಬಿಗಿಯಾಗಿ ಮುಚ್ಚುವ ಕೋಣೆ ಇದ್ದರೆ ಅದು ಉತ್ತಮ. ಪ್ಲಾಸ್ಟಿಕ್ ಹಾಳೆ ಹೊದಿಸಬೇಡಿ, ಒಳಗೆ ಬೆವರುತ್ತದೆ. ಗಾಳಿಯಾಡುವ ಹತ್ತಿಯ ಹೊದಿಕೆ ಇರಲಿ. ಸೈಲೆನ್ಸರಿನ ಬಾಯಿಗೂ ಗಾಳಿ ಎಳೆಯುವ ಕಿಂಡಿಗಳಿಗೂ ಸಣ್ಣ ಕಣ್ಣಿನ ತಂತಿಜಾಲರಿ ಕಟ್ಟಿ, ಸ್ಟಾರ್ಟ್ ಮಾಡುವ ಮುಂಚೆ ಅದನ್ನು ಬಿಚ್ಚಲು ಮರೆಯದಂತೆ ಸ್ಟೀರಿಂಗಿಗೆ ಚೀಟಿ ಅಂಟಿಸಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇದೆ. ಅದು ತೇವ ಹೀರುತ್ತದೆ, ಹಳೆಯ ರಬ್ಬರಿನ ಪೈಪುಗಳನ್ನು ಮೆದುವಾಗಿಸುತ್ತದೆ. ಆದ್ದರಿಂದ ಎಥನಾಲ್ ತಾಳುವ ಹೊಸ ಪೈಪುಗಳನ್ನು ಹಾಕಿಸದ ಹೊರತು ತೊಟ್ಟಿಯಲ್ಲಿ ಅದನ್ನು ತಿಂಗಳುಗಟ್ಟಲೆ ಬಿಡಬೇಡಿ. ಬ್ಯಾಟರಿಗೆ ನಿಧಾನವಾಗಿ ಚಾರ್ಜ್ ಮಾಡುವ ಸಾಧನ ಜೋಡಿಸಿಡಿ. ದಿನಾಲೂ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುವ ಪದ್ಧತಿ ನಮ್ಮಲ್ಲಿ ಬಹಳ ಕಡೆ ಇದೆ. ಅದು ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತದೆ, ಏಕೆಂದರೆ ಎಂಜಿನ್ ಪೂರ್ತಿ ಬಿಸಿಯಾಗದೆ ಹುಟ್ಟಿದ ನೀರಿನ ಅಂಶ ಆಯಿಲಿನಲ್ಲೂ ಸೈಲೆನ್ಸರಿನಲ್ಲೂ ಉಳಿದುಬಿಡುತ್ತದೆ. ತಿಂಗಳಿಗೊಮ್ಮೆ ಬೆಳಗಿನ ಜಾವ ಲಾರಿಗಳು ಕಡಿಮೆ ಇರುವಾಗ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ ತರಲು ಸಂಬಂಧಿಕರ ಒಪ್ಪಿಗೆ ಪಡೆಯಿರಿ, ಮತ್ತು ಅದಕ್ಕೆ ಮುಂಚೆ ವಿಮೆ ಯಾರ ಹೆಸರಿನಲ್ಲಿದೆ, ಎಷ್ಟು ಮೌಲ್ಯಕ್ಕೆ ಆಗಿದೆ ಎಂದು ನೋಡಿಕೊಳ್ಳಿ. 5 ವರ್ಷ ಮೀರಿದ ಕಾರಿನ ಮೌಲ್ಯವನ್ನು ವಿಮಾ ಕಂಪನಿ ಮತ್ತು ಮಾಲೀಕರು ಮಾತಾಡಿ ನಿಗದಿ ಮಾಡುವುದರಿಂದ ಪಾಲಿಸಿಯಲ್ಲಿ ಬರೆದ ಅಂಕಿ ಕೊಂಡ ಬೆಲೆಗೆ ಹತ್ತಿರವಿದೆಯೇ ಎಂದು ಅವರನ್ನೇ ಕೇಳಿ, ಬರಹದಲ್ಲಿ ಪಡೆದ ಮೇಲೆ ಕಾರನ್ನು ಒಳಗೆ ಬಿಟ್ಟುಕೊಳ್ಳಿ.